ಒಂದು ಪೆಟ್ಟಿಗೆಯೋ, ಎರಡು ಪೆಟ್ಟಿಗೆಯೋ?

ಸಿ.ಡಿ. ಪ್ಲೇಯರ್ ಮೊದಲು ಮಾರಾಟಕ್ಕೆ ಬಂದದ್ದು 1982ರ ಅಕ್ಟೋಬರ್ 1ರಂದು, ಜಪಾನಿನಲ್ಲಿ. ‘ಶುದ್ಧ, ಪರಿಪೂರ್ಣ ನಾದ, ಎಂದೆಂದಿಗೂ’ ಎಂಬ ಅರ್ಥದ ಘೋಷಣೆಯೊಂದಿಗೆ ಅದರ ಪ್ರಚಾರ ನಡೆಯಿತು. ಪರಿಪೂರ್ಣವಾದದ್ದನ್ನು ಮತ್ತೆ ತಿದ್ದುವ ಅಗತ್ಯ ಬೀಳಬಾರದು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ ಇದೇ ಯಂತ್ರವನ್ನು ನಡುವೆ ಸೀಳಿ ಎರಡು ಪೆಟ್ಟಿಗೆಗಳಲ್ಲಿ ಮಾರುವ ವ್ಯಾಪಾರ ಶುರುವಾಗಿತ್ತು. ಒಂದು ಪೆಟ್ಟಿಗೆ ಬಿಲ್ಲೆಯನ್ನು ತಿರುಗಿಸಿ ಅದರಲ್ಲಿರುವುದನ್ನು ಓದುತ್ತದೆ. ಇದಕ್ಕೆ ಟ್ರಾನ್ಸ್‌ಪೋರ್ಟ್ ಎಂದು ಹೆಸರು. ಇನ್ನೊಂದು, ಓದಿದ್ದನ್ನು ಸಂಗೀತವಾಗಿ ಮಾರ್ಪಡಿಸುತ್ತದೆ. ಇದಕ್ಕೆ ಡಿಜಿಟಲ್-ಅನಲಾಗ್ ಪರಿವರ್ತಕ, ಚುಟುಕಾಗಿ ಡ್ಯಾಕ್, ಎಂದು ಹೆಸರು.

ಒಂದೇ ಪೆಟ್ಟಿಗೆಯ ಪ್ಲೇಯರ್ ಕೊಳ್ಳುವುದೋ, ಬಿಡಿಬಿಡಿಯಾಗಿ ಎರಡನ್ನು ಕೊಳ್ಳುವುದೋ ಎಂಬ ಈ ಪ್ರಶ್ನೆ ಸಂಗೀತಪ್ರಿಯರನ್ನು ನಾಲ್ಕು ದಶಕಗಳಿಂದ ಕಾಡಿದೆ. ಮೇಲ್ನೋಟಕ್ಕೆ ಇದು ಹಣವಂತರ ಹವ್ಯಾಸದ ಜಗಳ. ಒಳಹೊಕ್ಕು ನೋಡಿದರೆ, ಒಂದು ತಂತ್ರಜ್ಞಾನದಲ್ಲಿ ಯಾವುದು ಬಾಳುತ್ತದೆ, ಯಾವುದು ಹಳತಾಗುತ್ತದೆ ಎಂದು ಊಹಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಹಳೆಯ ರೂಢಿ

ಬಿಡಿಬಿಡಿ ಪೆಟ್ಟಿಗೆಗಳ ಪದ್ಧತಿ ಸಿ.ಡಿ.ಗಿಂತ ಹಳೆಯದು. ಒಂದು ಕಾಲಕ್ಕೆ ಅನುಕೂಲಸ್ಥರ ಮನೆಯ ನಡುಮನೆಯಲ್ಲಿ ರೇಡಿಯೋಗ್ರಾಮ್ ಎಂಬ ದೊಡ್ಡ ಮರದ ಪೆಟ್ಟಿಗೆ ಇರುತ್ತಿತ್ತು. ರೇಡಿಯೋ, ಗ್ರಾಮಫೋನ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲವೂ ಅದರೊಳಗೇ. 1950ರ ದಶಕದಲ್ಲಿ ‘ಹೈ-ಫೈ’ ಎಂಬ ಮಾತು ಚಾಲ್ತಿಗೆ ಬಂದಾಗ, ವಿಶೇಷವಾಗಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ, ಈ ಪೆಟ್ಟಿಗೆ ಒಡೆಯಿತು. ತಟ್ಟೆ ತಿರುಗಿಸುವ ಯಂತ್ರ ಒಂದು ಕಂಪನಿಯದು, ಆಂಪ್ಲಿಫೈಯರ್ ಇನ್ನೊಂದರದು, ಸ್ಪೀಕರ್ ಮತ್ತೊಂದರದು.

ಇದಕ್ಕೆ ಗಟ್ಟಿಯಾದ ಭೌತಿಕ ಕಾರಣಗಳಿದ್ದವು. ಗ್ರಾಮಫೋನ್ ಮುಳ್ಳಿನಿಂದ ಹೊರಡುವ ವಿದ್ಯುತ್ತು ಒಂದು ವೋಲ್ಟಿನ ಸಾವಿರ ಭಾಗಗಳಲ್ಲಿ ಮೂರೋ ನಾಲ್ಕೋ ಭಾಗದಷ್ಟು. ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಗುಂಯ್‌ಗುಡುವಿಕೆ ಹಾಡಿನೊಳಗೆ ನುಸುಳುತ್ತದೆ. ಸ್ಪೀಕರ್ ಅದೇ ಮರದ ಪೆಟ್ಟಿಗೆಯಲ್ಲಿದ್ದರೆ ಅದರ ಅದುರಾಟ ಮುಳ್ಳಿಗೂ ತಾಗಿ, ಧ್ವನಿ ತನ್ನನ್ನೇ ತಾನು ಕದಡಿಕೊಳ್ಳುತ್ತದೆ. ಹಾಗಾಗಿ ದೂರ ಇಟ್ಟಷ್ಟೂ ಒಳ್ಳೆಯದು ಎಂಬುದು ಅನುಭವದಿಂದ ಬಂದ ಪಾಠ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಲಿನ್ ಕಂಪನಿ ಇದಕ್ಕೆ ಇನ್ನೊಂದು ತತ್ವ ಸೇರಿಸಿತು: ಮೂಲದಲ್ಲೇ ಕೆಟ್ಟದ್ದನ್ನು ಮುಂದಿನ ಯಾವ ಯಂತ್ರವೂ ಸರಿಪಡಿಸಲಾರದು, ಆದ್ದರಿಂದ ತಟ್ಟೆ ತಿರುಗಿಸುವ ಯಂತ್ರಕ್ಕೇ ಹೆಚ್ಚು ಹಣ ಸುರಿಯಬೇಕು.

ಅನಲಾಗ್ ಕಾಲದಲ್ಲಿ ಈ ಎರಡೂ ಪಾಠಗಳು ನಿಜವಾಗಿದ್ದವು. ಡಿಜಿಟಲ್ ಕಾಲಕ್ಕೆ ಅವು ಹೇಗೆ ಅನ್ವಯಿಸುತ್ತವೆ ಎಂದು ವಿಚಾರಿಸುವ ಮೊದಲೇ ಜನ ಅವನ್ನು ಹಾಗೆಯೇ ಎತ್ತಿಕೊಂಡು ಬಂದರು. ಗೊಂದಲದ ಬೇರು ಇಲ್ಲಿದೆ.

ಓದುವವರು, ವ್ಯಾಖ್ಯಾನಿಸುವವರು

ಹಾಲೆಂಡಿನ ಫಿಲಿಪ್ಸ್ ಕಂಪನಿ ತನ್ನ ಬಿಲ್ಲೆಯ ಮಾದರಿಯನ್ನು ಐಂಡ್‌ಹೋವನ್‌ನಲ್ಲಿ ಪತ್ರಕರ್ತರಿಗೆ ತೋರಿಸಿದ್ದು 1979ರ ಮಾರ್ಚ್‌ನಲ್ಲಿ. ಅದೇ ವರ್ಷ ಜಪಾನಿನ ಸೋನಿ ಅದರ ಜತೆಗೂಡಿತು. 1980ರಲ್ಲಿ ಇಬ್ಬರೂ ಸೇರಿ ಸಿದ್ಧಪಡಿಸಿದ ನಿಯಮಾವಳಿಗೆ, ಅದರ ರಕ್ಷಾಪುಟದ ಬಣ್ಣದಿಂದಾಗಿ, ‘ಕೆಂಪು ಪುಸ್ತಕ’ ಎಂಬ ಹೆಸರು ನಿಂತಿತು. 12 ಸೆಂಟಿಮೀಟರ್ ಅಗಲದ ಬಿಲ್ಲೆ, ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೂ 16 ಬಿಟ್‌ಗಳ ಸಂಖ್ಯೆ. ಎಡ-ಬಲ ಎರಡೂ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳು.

44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಆಗ ಇಷ್ಟೊಂದು ಅಂಕಿಗಳನ್ನು ಹಿಡಿದಿಡಬಲ್ಲ ಅಗ್ಗದ ಸಾಧನವೆಂದರೆ ವಿಡಿಯೋ ಟೇಪ್ ಒಂದೇ. ಟಿ.ವಿ. ಚಿತ್ರದ ಒಂದೊಂದು ಗೆರೆಗೆ ಮೂರು ಅಳತೆಗಳಂತೆ, ಬಳಸಬಹುದಾದ 245 ಗೆರೆಗಳಲ್ಲಿ, ಸೆಕೆಂಡಿಗೆ 60 ಬಾರಿ ಬರೆದರೆ ಬರುವುದು 44,100. ಯುರೋಪಿನ ಪದ್ಧತಿಯಲ್ಲಿ 294 ಗೆರೆ, 50 ಬಾರಿ. ಗುಣಿಸಿದರೆ ಮತ್ತೆ ಅದೇ 44,100!

ಈ ಯಂತ್ರದೊಳಗೆ ನಡೆಯುವ ಕೆಲಸ ಎರಡು ಬಗೆಯದು. ನಮ್ಮ ಗಮಕ ಕಲೆಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಸಿ.ಡಿ. ಪ್ಲೇಯರಿನಲ್ಲೂ ವಾಚಕನೊಬ್ಬ, ವ್ಯಾಖ್ಯಾನಕಾರನೊಬ್ಬ ಇದ್ದಾರೆ. ವಾಚಕ ಎಂದರೆ ಲೇಸರ್, ಮೋಟಾರ್ ಮತ್ತು ತಪ್ಪು ತಿದ್ದುವ ಮಂಡಲ. ಬಿಲ್ಲೆಯ ಮೇಲೆ ಸುರುಳಿಯಾಗಿ ಸುತ್ತಿಕೊಂಡ ಸುಮಾರು 5 ಕಿಲೋಮೀಟರ್ ಉದ್ದದ ಗುಳಿಗಳ ಸಾಲನ್ನು ಅದು ಓದುತ್ತದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಸಂಕೇತಕ್ರಮದ ನೆರವಿನಿಂದ, ಸಾಲಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಭಾಗ ಗೀರಿನಿಂದ ಅಳಿಸಿಹೋಗಿದ್ದರೂ ಅಲ್ಲಿದ್ದ ಅಂಕಿಗಳನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ವ್ಯಾಖ್ಯಾನಕಾರ ಎಂದರೆ ಡ್ಯಾಕ್. ಅಂಕಿಗಳ ಸಾಲನ್ನು ಏರಿಳಿಯುವ ವಿದ್ಯುತ್ತನ್ನಾಗಿ ಮಾಡಿ ಆಂಪ್ಲಿಫೈಯರಿಗೆ ಕೊಡುವುದು ಅದರ ಕೆಲಸ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಗ್ರಾಮಫೋನ್ ತಟ್ಟೆ ತಿರುಗುವ ವೇಗ ತುಸು ತಪ್ಪಿದರೂ ಹಾಡಿನ ಶ್ರುತಿ ತಪ್ಪುತ್ತದೆ. ಸಿ.ಡಿ.ಯಲ್ಲಿ ಹಾಗಲ್ಲ. ಓದಿದ ಅಂಕಿಗಳು ಮೊದಲು ಒಂದು ಸ್ಮೃತಿಕೋಶದಲ್ಲಿ ತುಂಬಿಕೊಂಡು, ಅಲ್ಲಿಂದ ಸ್ಫಟಿಕದ ಗಡಿಯಾರದ ತಾಳಕ್ಕೆ ಸರಿಯಾಗಿ ಒಂದೊಂದಾಗಿ ಹೊರಬೀಳುತ್ತವೆ. ತೊಟ್ಟಿಗೆ ನೀರು ಬಿಟ್ಟುಬಿಟ್ಟು ಬಂದರೂ ನಲ್ಲಿಯಲ್ಲಿ ಒಂದೇ ಸಮನೆ ಸುರಿಯುವಂತೆ. ಹಾಗಾಗಿ ‘ಮೂಲಕ್ಕೇ ಹೆಚ್ಚು ಹಣ’ ಎಂಬ ಹಳೆಯ ಸೂತ್ರ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಸುಸ್ಥಿತಿಯಲ್ಲಿರುವ ಬಿಲ್ಲೆಯಿಂದ ಅಗ್ಗದ ಟ್ರಾನ್ಸ್‌ಪೋರ್ಟ್ ಓದುವ ಅಂಕಿಗಳೂ ದುಬಾರಿ ಟ್ರಾನ್ಸ್‌ಪೋರ್ಟ್ ಓದುವ ಅಂಕಿಗಳೂ ಒಂದೇ.

ಮೊದಲ ಯಂತ್ರಗಳಲ್ಲೇ ಭಿನ್ನಮತ

ವ್ಯಾಖ್ಯಾನದ ಮಾತು ಬೇರೆ. ಅಲ್ಲಿ ಮೊದಲ ದಿನದಿಂದಲೇ ಭಿನ್ನಾಭಿಪ್ರಾಯವಿತ್ತು. ಫಿಲಿಪ್ಸ್‌ಗೆ 14 ಬಿಟ್‌ಗಳು ಸಾಕೆನಿಸಿತ್ತು. ಅದಕ್ಕೆ ತಕ್ಕ ಪರಿವರ್ತಕ ಚಿಪ್ ಕೂಡ ತಯಾರಿತ್ತು. ಸೋನಿ 16 ಬೇಕೇ ಬೇಕೆಂದು ಹಟ ಹಿಡಿದು ಗೆದ್ದಿತು. 14 ಬಿಟ್‌ಗಳಲ್ಲಿ ಧ್ವನಿಯ ಏರಿಳಿತವನ್ನು 16,384 ಮೆಟ್ಟಿಲುಗಳಲ್ಲಿ ಅಳೆಯಬಹುದಾದರೆ 16 ಬಿಟ್‌ಗಳಲ್ಲಿ 65,536 ಮೆಟ್ಟಿಲುಗಳು.

ಕೈಯಲ್ಲಿದ್ದ 14 ಬಿಟ್ ಚಿಪ್ಪನ್ನು ಫಿಲಿಪ್ಸ್ ಎಂಜಿನಿಯರುಗಳು ಎಸೆಯಲಿಲ್ಲ. ಅಂಕಿಗಳ ವೇಗವನ್ನು ಲೆಕ್ಕಾಚಾರದಿಂದ ನಾಲ್ಕು ಪಟ್ಟು ಹೆಚ್ಚಿಸಿ, ಸೆಕೆಂಡಿಗೆ 1,76,400ಕ್ಕೆ ಏರಿಸಿ, ದೋಷವನ್ನು ಕಿವಿಗೆ ನಿಲುಕದ ಎತ್ತರದ ಸ್ವರಗಳತ್ತ ತಳ್ಳಿ, 16 ಬಿಟ್‌ಗೆ ಸಮನಾದ ಫಲ ತೆಗೆದರು. ಅವರ ಸಿಡಿ-100 ಯಂತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ಪರಿವರ್ತಕವಿತ್ತು. ಸೋನಿಯ ಸಿಡಿಪಿ-101ರಲ್ಲಿ ಅಪ್ಪಟ 16 ಬಿಟ್ ಪರಿವರ್ತಕವಿದ್ದರೂ ಇದ್ದದ್ದು ಒಂದೇ. ಅದು ಎಡ-ಬಲಗಳ ನಡುವೆ ಸರದಿಯ ಮೇಲೆ ದುಡಿಯುತ್ತಿದ್ದುದರಿಂದ ಒಂದು ಬದಿಯ ಧ್ವನಿ ಇನ್ನೊಂದಕ್ಕಿಂತ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 11 ಭಾಗದಷ್ಟು ತಡವಾಗುತ್ತಿತ್ತು. ಒಂದು ಸ್ಪೀಕರನ್ನು 4 ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಆಗುವಷ್ಟು ತಡ!

ಮುಂದಿನ ಬದಲಾವಣೆಗಳು ಬೇಗಬೇಗನೆ ಬಂದವು. 1985ರ ಹೊತ್ತಿಗೆ ಫಿಲಿಪ್ಸ್ ಕೂಡ ನಿಜವಾದ 16 ಬಿಟ್ ಚಿಪ್ ಹೊರತಂದಿತು. ದಶಕದ ಕೊನೆಗೆ ‘ಬಿಟ್‌ಸ್ಟ್ರೀಮ್’ ಎಂಬ, ಒಂದೇ ಬಿಟ್ಟನ್ನು ಅತಿವೇಗವಾಗಿ ಮಿಣುಕಿಸುವ, ಪೂರಾ ಬೇರೆಯೇ ಮಾರ್ಗ ಬಂತು. ಬಿಲ್ಲೆ ಮಾತ್ರ ಎಳ್ಳಷ್ಟೂ ಬದಲಾಗಿರಲಿಲ್ಲ. ವಾಚಕ ಅದೇ, ವ್ಯಾಖ್ಯಾನಕಾರ ಮಾತ್ರ ಕೆಲವೇ ವರ್ಷಗಳಿಗೊಮ್ಮೆ ಹೊಸಬ. ಹಾಗಿದ್ದ ಮೇಲೆ ಇಡೀ ಯಂತ್ರವನ್ನು ಬದಲಿಸುವುದೇಕೆ, ವ್ಯಾಖ್ಯಾನಕಾರನನ್ನಷ್ಟೇ ಹೊರಗೆ ಕೂರಿಸಿದರೆ ಸಾಲದೇ ಎಂಬ ಯೋಚನೆ ಹುಟ್ಟಿದ್ದು ಸಹಜವೇ.

1985ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಆಡಿಯೋ ಕಂಪನಿಯ ಸಿಡಿ-1 ಎರಡು ಪೆಟ್ಟಿಗೆಗಳಲ್ಲಿ ಬಂತು. ಅದನ್ನು ರೂಪಿಸಿದವರು ಸ್ಟ್ಯಾನ್ ಕರ್ಟಿಸ್. ಅದೇ ಆಸುಪಾಸಿನಲ್ಲಿ ಸೋನಿ ಕೂಡ ಬಿಡಿ ಡ್ಯಾಕ್ ತಯಾರಿಸಿತು. 1980ರ ದಶಕದ ಕೊನೆಗೆ ಆರ್ಕಾಂ ಕಂಪನಿಯ ‘ಬ್ಲ್ಯಾಕ್ ಬಾಕ್ಸ್’, ಮೆರಿಡಿಯನ್, ಅಮೆರಿಕದ ಥೀಟಾ ಹಾಗೂ ವಾಡಿಯಾ ಕಂಪನಿಗಳ ಡ್ಯಾಕ್‌ಗಳು ಸಾಲಾಗಿ ಬಂದವು. 1987ರಲ್ಲಿ ಡಿಜಿಟಲ್ ಟೇಪ್ ಕೂಡ ಬಂದದ್ದರಿಂದ, ಹಲವು ಯಂತ್ರಗಳಿಗೆ ಒಂದೇ ಡ್ಯಾಕ್ ಸಾಕೆಂಬ ವಾದಕ್ಕೆ ಬಲ ಸಿಕ್ಕಿತು. ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತೆನ್ನಬೇಕು. ಲೇಸರ್ ಯಂತ್ರ ತಯಾರಿಸುವುದು ದೈತ್ಯ ಕಂಪನಿಗಳಿಗೆ ಮಾತ್ರ ಸಾಧ್ಯ. ಚಿಪ್ ಕೊಂಡು ಒಳ್ಳೆಯದೊಂದು ಡ್ಯಾಕ್ ಕಟ್ಟುವುದು ಹತ್ತು ಜನರ ಕಾರ್ಖಾನೆಗೂ ಸಾಧ್ಯ. ಬೇರ್ಪಟ್ಟ ಪೆಟ್ಟಿಗೆ ಸಣ್ಣ ತಯಾರಕರಿಗೆ ಬಾಗಿಲು ತೆರೆಯಿತು.

ತಂತಿಯಲ್ಲಿ ತಪ್ಪಿದ ತಾಳ

ಎರಡು ಪೆಟ್ಟಿಗೆಗಳಾದ ಮೇಲೆ ನಡುವೆ ಒಂದು ತಂತಿ ಬೇಕು. ಇದಕ್ಕಾಗಿ ಬಂದ ಪದ್ಧತಿಗೆ ಸೋನಿ ಮತ್ತು ಫಿಲಿಪ್ಸ್ ಹೆಸರುಗಳ ಮೊದಲಕ್ಷರ ಸೇರಿ ‘ಎಸ್‌ಪಿಡಿಫ್’ ಎಂಬ ಹೆಸರು ಬಂತು. ಟಿ.ವಿ. ಕೇಬಲಿನಂಥ ತಾಮ್ರದ ತಂತಿಯಲ್ಲಾದರೂ ಸರಿ, ತೋಷಿಬಾ ಕಂಪನಿ 1983ರಲ್ಲಿ ರೂಪಿಸಿದ ಬೆಳಕಿನ ಎಳೆಯಲ್ಲಾದರೂ ಸರಿ, ಅಂಕಿಗಳು ಹರಿಯುತ್ತವೆ. ಒಂದೇ ತಂತಿಯಲ್ಲಿ ಎಡ, ಬಲ ಎರಡೂ ಬದಿಯ ಅಂಕಿಗಳು ಮತ್ತು ತಾಳ ಮೂರೂ ಸೇರಿ ಸಾಗುವುದು ಇದರ ಜಾಣತನ.

ಇದರ ದೌರ್ಬಲ್ಯವೂ ಅದೇ. ಒಂದೇ ಪೆಟ್ಟಿಗೆಯ ಪ್ಲೇಯರಿನಲ್ಲಿ ಗಡಿಯಾರವನ್ನು ಡ್ಯಾಕ್‌ನ ಮಗ್ಗುಲಲ್ಲೇ ಇಡಬಹುದು. ಎರಡು ಪೆಟ್ಟಿಗೆಗಳಲ್ಲಿ ಗಡಿಯಾರ ಟ್ರಾನ್ಸ್‌ಪೋರ್ಟ್ ಬಳಿ ಉಳಿಯಿತು. ತಂತಿಯ ಆಚೆ ತುದಿಯಲ್ಲಿರುವ ಡ್ಯಾಕ್, ಬರುವ ಸಂಕೇತದಿಂದ ತಾಳವನ್ನು ಊಹಿಸಿಕೊಳ್ಳಬೇಕಾಯಿತು. ಹಾಡುವವರು ಒಂದು ಮನೆಯಲ್ಲಿ ಕುಳಿತು, ತಾಳ ಹಾಕುವವರು ಪಕ್ಕದ ಮನೆಯಲ್ಲಿ ಕುಳಿತ ಹಾಗೆ. ಅಂಕಿ ಒಂದೂ ತಪ್ಪದಿದ್ದರೂ ಅದು ಬಂದು ಬೀಳುವ ಗಳಿಗೆ ಕೂದಲೆಳೆಯಷ್ಟು ಹಿಂದೆಮುಂದೆ ಆಗುತ್ತದೆ. ಈ ತೊನೆದಾಟಕ್ಕೆ ಎಂಜಿನಿಯರುಗಳು ‘ಜಿಟರ್’ ಎನ್ನುತ್ತಾರೆ.

1992ರಲ್ಲಿ ಕ್ರಿಸ್ ಡನ್ ಮತ್ತು ಮಾಲ್ಕಂ ಹಾಕ್ಸ್‌ಫರ್ಡ್ ಎಂಬ ಬ್ರಿಟಿಷ್ ಸಂಶೋಧಕರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಮಂಡಿಸಿದ ಪ್ರಬಂಧದ ಶೀರ್ಷಿಕೆಯೇ ಈ ಸಂಪರ್ಕ ಪದ್ಧತಿ ದೋಷಪೂರಿತವೇ ಎಂದು ಕೇಳಿತು. ಸಂಕೇತದಲ್ಲಿರುವ ಸಂಗೀತವೇ ತಾಳವನ್ನು ಅಲುಗಿಸಬಲ್ಲದು ಎಂದು ಅವರು ವಿವರಿಸಿದರು. ಅಂದರೆ, ಸುಧಾರಣೆಗೆಂದು ಯಂತ್ರವನ್ನು ಸೀಳಿದಾಗ, ಒಂದೇ ಪೆಟ್ಟಿಗೆಯಲ್ಲಿ ಹುಟ್ಟದೇ ಇದ್ದ ತೊಂದರೆಯೊಂದು ಹೊಸದಾಗಿ ಹುಟ್ಟಿಕೊಂಡಿತ್ತು. ಅದನ್ನು ಶಮನಗೊಳಿಸಲು ಮಾರುಕಟ್ಟೆಗೆ ಮೂರನೆಯ ಪೆಟ್ಟಿಗೆ, ಬೆಲೆಬಾಳುವ ತಂತಿ ಎಲ್ಲವೂ ಬಂದವು.

ಕಂಪನಿಗಳ ಉತ್ತರ ಎರಡು ತೆರನಾಗಿತ್ತು. ಲಿನ್ ತನ್ನ ‘ಕ್ಯಾರಿಕ್’ ಟ್ರಾನ್ಸ್‌ಪೋರ್ಟ್ ಮತ್ತು ‘ನ್ಯೂಮೆರಿಕ್’ ಡ್ಯಾಕ್ ನಡುವೆ ಎರಡನೆಯ ತಂತಿ ಎಳೆಯಿತು. ಗಡಿಯಾರ ಡ್ಯಾಕ್ ಕಡೆ ಇದ್ದು, ಟ್ರಾನ್ಸ್‌ಪೋರ್ಟ್ ಅದರ ತಾಳಕ್ಕೆ ಕುಣಿಯಬೇಕು. ಇಂಗ್ಲೆಂಡಿನ ಸಾಲ್ಸ್‌ಬರಿಯ ನೇಮ್ ಕಂಪನಿ ಇನ್ನೂ ಕಟ್ಟುನಿಟ್ಟು. 1991ರಲ್ಲಿ ಅದು ತಂದ ಸಿಡಿಎಸ್ ಯಂತ್ರವೂ ಎರಡು ಪೆಟ್ಟಿಗೆಗಳದ್ದೇ. ಆದರೆ ಲೇಸರ್ ಮತ್ತು ಡ್ಯಾಕ್ ಒಂದೇ ಪೆಟ್ಟಿಗೆಯಲ್ಲಿದ್ದು, ಹೊರಗೆ ಹೋದದ್ದು ವಿದ್ಯುತ್ ಸರಬರಾಜಿನ ಟ್ರಾನ್ಸ್‌ಫಾರ್ಮರ್ ಭಾಗ. ಸೀಳಬೇಕಾದ ಜಾಗ ಬೇರೆ ಎಂಬುದು ಅವರ ವಾದ. ತಮ್ಮ ಪ್ಲೇಯರುಗಳಿಗೆ ಡಿಜಿಟಲ್ ಹೊರದಾರಿಯನ್ನೇ ಕೊಡದೆ ಬಹುಕಾಲ ನಡೆಸಿದ ಈ ಕಂಪನಿ, ಸ್ವತಃ ಒಂದು ಬಿಡಿ ಡ್ಯಾಕ್ ತಂದದ್ದು 2009ರಲ್ಲಿ.

ಕಿವಿ ಏನನ್ನುತ್ತದೆ?

ಇಷ್ಟೆಲ್ಲಾ ಸರಿ, ಈ ತೊನೆದಾಟ ಕಿವಿಗೆ ಕೇಳುತ್ತದೆಯೇ? ಪತ್ರಿಕೆಗಳ ವಿಮರ್ಶಕರು ಕೇಳುತ್ತದೆಂದೇ ಬರೆದರು. ಪ್ರಯೋಗಶಾಲೆಯ ಉತ್ತರ ಬೇರೆ. 2005ರಲ್ಲಿ ಪ್ರಕಟವಾದ ಜಪಾನಿನ ಅಶಿಹಾರ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಕಿವಿ ಪಳಗಿದ ಕೇಳುಗರು ತಮಗೆ ಬೇಕಾದ ಸಂಗೀತವನ್ನೇ ಆರಿಸಿಕೊಂಡಿದ್ದರೂ, ಅಡ್ಡಾದಿಡ್ಡಿ ಜಿಟರ್ ಕೆಲವು ನೂರು ನ್ಯಾನೋಸೆಕೆಂಡುಗಳಷ್ಟಾದಾಗ ಮಾತ್ರ ಅದನ್ನು ಗುರುತಿಸಬಲ್ಲವರಾಗಿದ್ದರು. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಸಾಮಾನ್ಯ ಉಪಕರಣಗಳ ಜಿಟರ್ ಇದಕ್ಕಿಂತ ಎಷ್ಟೋ ಪಾಲು ಕಡಿಮೆ.

2007ರಲ್ಲಿ ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರನ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಸಿ.ಡಿ.ಗಿಂತ ಸೂಕ್ಷ್ಮವಾದ ಧ್ವನಿಮುದ್ರಣವನ್ನು ನುಡಿಸುತ್ತಾ, ನಡುವೆ ಅದನ್ನು ಸಿ.ಡಿ. ಮಟ್ಟದ ಅಂಕಿಗಳಾಗಿ ಇಳಿಸಿ ಮತ್ತೆ ಧ್ವನಿಯಾಗಿಸಿ ಕೇಳಿಸಿದರು. ಯಾವುದು ಯಾವುದೆಂದು ಹೇಳದೆ ನಡೆಸಿದ 554 ಪರೀಕ್ಷೆಗಳಲ್ಲಿ ಸರಿಯಾದ ಉತ್ತರ ಬಂದದ್ದು 276 ಬಾರಿ. ನಾಣ್ಯ ಚಿಮ್ಮಿದರೂ ಇಷ್ಟೇ ಬರುತ್ತಿತ್ತು. ಇದರಿಂದ ಎಲ್ಲಾ ಪ್ಲೇಯರುಗಳೂ ಒಂದೇ ಎಂದು ಸಿದ್ಧವಾಗುವುದಿಲ್ಲ. ಔಟ್‌ಪುಟ್ ಭಾಗವನ್ನು ಕಳಪೆಯಾಗಿ ಕಟ್ಟಿದ ಯಂತ್ರಗಳಲ್ಲಿ ಗುಂಯ್ ಸದ್ದು, ಸದ್ದಿನ ಮಟ್ಟದ ಏರುಪೇರು ಕೇಳಿಯೇ ಕೇಳುತ್ತದೆ. ಆದರೆ ಎರಡು ಪೆಟ್ಟಿಗೆ ಎಂಬ ಕಾರಣಕ್ಕೇ ನಾದ ಉತ್ತಮವಾಗುತ್ತದೆ ಎನ್ನಲು ಆಧಾರ ಸಾಲದು. ಪಕ್ಕದ ಅಂಗಡಿಯ ಯಂತ್ರ ತುಸು ಜೋರಾಗಿ ನುಡಿದರೂ ಅದೇ ಚೆನ್ನಾಗಿದೆ ಎನಿಸುವುದು ಮನುಷ್ಯರ ಕಿವಿಯ ಗುಣ.

ತಿರುಗುಮುರುಗು

ನಮ್ಮಲ್ಲಿ ಈ ಜಗಳದ ಸದ್ದು ಕೇಳಿದ್ದು ಕಡಿಮೆ. ವಿದೇಶಗಳಲ್ಲಿ ಡ್ಯಾಕ್‌ಗಳ ಭರಾಟೆ ನಡೆದಿದ್ದ ವರ್ಷಗಳಲ್ಲಿ ಕರ್ನಾಟಕದ ಮನೆಗಳನ್ನು ಆಳುತ್ತಿದ್ದುದು ಕ್ಯಾಸೆಟ್. ಭಾವಗೀತೆ, ದಾಸರ ಪದ, ಸಿನಿಮಾ ಹಾಡು ಎಲ್ಲವೂ ಟೇಪ್‌ರೆಕಾರ್ಡರಿನಲ್ಲೇ. ಸಿ.ಡಿ. ನಮ್ಮ ಊರುಗಳ ನಡುಮನೆಗೆ ಬಂದದ್ದು ಬಹುಮಟ್ಟಿಗೆ ವಿ.ಸಿ.ಡಿ. ಮತ್ತು ಡಿ.ವಿ.ಡಿ. ಪ್ಲೇಯರುಗಳ ಬೆನ್ನೇರಿ. ಆ ಡಿ.ವಿ.ಡಿ. ಪ್ಲೇಯರುಗಳಲ್ಲಿ ಹಲವಕ್ಕೆ ಹಿಂಬದಿಯಲ್ಲಿ ‘ಕೋಆಕ್ಸಿಯಲ್’ ಎಂದು ಬರೆದ ಒಂಟಿ ತೂತು ಇರುತ್ತದೆ. ಅದೇ ಡಿಜಿಟಲ್ ಹೊರದಾರಿ. ಟ್ರಾನ್ಸ್‌ಪೋರ್ಟ್ ಎಂಬ ಪದ ಕೇಳದವರ ಮನೆಯಲ್ಲೂ ಒಂದು ಟ್ರಾನ್ಸ್‌ಪೋರ್ಟ್ ಕುಳಿತಿರುತ್ತದೆ ಎಂದಾಯಿತು.

ಇತಿಹಾಸದ ನಿಜವಾದ ತಮಾಷೆ ಇರುವುದು ಮುಂದೆ. ಎರಡು ಪೆಟ್ಟಿಗೆ ಕೊಂಡವರ ಲೆಕ್ಕ ಹೀಗಿತ್ತು: ಡ್ಯಾಕ್ ಬೇಗ ಹಳತಾಗುತ್ತದೆ, ಅದನ್ನು ಬದಲಿಸುತ್ತಾ ಹೋಗೋಣ, ಗಟ್ಟಿಮುಟ್ಟಾದ ಟ್ರಾನ್ಸ್‌ಪೋರ್ಟ್ ಜೀವಮಾನವಿಡೀ ಬಾಳುತ್ತದೆ. ಆದದ್ದು ಇದಕ್ಕೆ ತದ್ವಿರುದ್ಧ. ಡ್ಯಾಕ್ ಚಿಪ್‌ಗಳು ಕಿವಿಯ ಮಿತಿಯನ್ನು ದಾಟುವಷ್ಟು ಸುಧಾರಿಸಿ ಕಡಲೆಕಾಯಿ ಬೆಲೆಗೆ ಇಳಿದವು. ಸವೆದದ್ದು ಲೇಸರ್, ಮೋಟಾರ್, ಟ್ರೇ ಎಳೆಯುವ ರಬ್ಬರ್ ಬೆಲ್ಟ್. ಹಳೆಯ ಹೆಸರಾಂತ ಯಂತ್ರಗಳ ಲೇಸರ್ ಭಾಗಗಳನ್ನು ತಯಾರಿಸುವುದು ನಿಂತಿದೆ. ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆ ಬೆರಳುಗಾತ್ರದ ಒಂದು ಬಿಡಿಭಾಗವಿಲ್ಲದೆ ಮೂಕವಾಗಿ ಕೂರುತ್ತದೆ.

ಗಡಿಯಾರದ ತೊಂದರೆಗೂ ಪರಿಹಾರ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಕಂಪ್ಯೂಟರಿನ ಯು.ಎಸ್.ಬಿ. ತಂತಿಯಲ್ಲಿ, ಡ್ಯಾಕ್ ತನ್ನದೇ ಗಡಿಯಾರ ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟು ಅಂಕಿಗಳನ್ನು ಕೇಳಿ ತರಿಸಿಕೊಳ್ಳುವ ಪದ್ಧತಿ ರೂಢಿಗೆ ಬಂತು. ತಾಳ ಮತ್ತೆ ಹಾಡುವವರ ಪಕ್ಕಕ್ಕೆ ಬಂತು. 2016ರಲ್ಲಿ ಆಪಲ್ ಕಂಪನಿ ಐಫೋನ್-7ರಿಂದ ಇಯರ್‌ಫೋನ್ ತೂತನ್ನು ತೆಗೆದುಹಾಕಿ, ಅದರ ಬದಲು ಗೇಣುದ್ದದ ತಂತಿಯೊಂದನ್ನು ಕೊಟ್ಟಿತು. ಆ ತಂತಿಯ ತುದಿಯೊಳಗೆ ಇರುವುದು ಒಂದು ಡ್ಯಾಕ್. ಒಂದು ಕಾಲಕ್ಕೆ ಕಬ್ಬಿಣದ ಪೆಟ್ಟಿಗೆಯಲ್ಲಿ ಕುಳಿತು ಕಾರಿನ ಬೆಲೆ ಕೇಳುತ್ತಿದ್ದ ವ್ಯಾಖ್ಯಾನಕಾರ ಈಗ ಅಂಗಿಯ ಜೇಬಿನಲ್ಲಿದ್ದಾನೆ.

ಈಗ ಕೊಳ್ಳುವವರಿಗೆ ಈ ಇತಿಹಾಸ ಹೇಳುವ ಮಾತು ಸರಳ. ಸಿ.ಡಿ.ಗಳನ್ನು ಮಾತ್ರ ಕೇಳುವವರಿಗೆ ಚೆನ್ನಾಗಿ ಕಟ್ಟಿದ ಒಂದೇ ಪೆಟ್ಟಿಗೆಯ ಪ್ಲೇಯರ್ ಸಾಕು. ತಾಂತ್ರಿಕವಾಗಿ ಅದು ಯಾವ ರೀತಿಯಲ್ಲೂ ಕೀಳಲ್ಲ. ಸಿ.ಡಿ., ಕಂಪ್ಯೂಟರ್, ಟಿ.ವಿ., ಫೋನು ಎಲ್ಲದರಿಂದಲೂ ಕೇಳುವವರಿಗೆ ಬಿಡಿ ಡ್ಯಾಕ್ ಅನುಕೂಲ. ಓದುವ ಯಂತ್ರ ಕೆಟ್ಟರೂ ಮತ್ತೊಂದನ್ನು ಜೋಡಿಸಬಹುದು. ಹಣ ಉಳಿದರೆ ಸ್ಪೀಕರಿಗೆ ಹಾಕುವುದು ಲೇಸು. ಕಿವಿಗೆ ನಿಜವಾಗಿ ತಿಳಿಯುವ ವ್ಯತ್ಯಾಸ ಇರುವುದು ಅಲ್ಲಿ, ಮತ್ತು ಕೋಣೆಯ ಗೋಡೆಗಳಲ್ಲಿ.

ಪೆಟ್ಟಿಗೆಗಳ ಈ ಚರ್ಚೆಯಲ್ಲಿ ಮರೆತುಹೋಗುವುದು ಬಿಲ್ಲೆ. ಮತ್ತೆ ಅಚ್ಚಾಗದ ಎಷ್ಟೋ ಕಛೇರಿಗಳು, ನಾಟಕಗೀತೆಗಳು, ಗಮಕವಾಚನಗಳು ನಮ್ಮ ಬೀರುಗಳಲ್ಲಿ ಸಿ.ಡಿ.ಯಾಗಿ ಉಳಿದಿವೆ. ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತದೆಂಬ ಭರವಸೆ ಇಂಥವುಗಳ ಮಟ್ಟಿಗೆ ನಿಜವಲ್ಲ. ಓದುವ ಲೇಸರ್ ಇನ್ನೂ ಅಂಗಡಿಯಲ್ಲಿ ಸಿಗುತ್ತಿರುವಾಗಲೇ, ಕಂಪ್ಯೂಟರಿನ ಸಾಧಾರಣ ಡ್ರೈವಿನಿಂದ ಆ ಅಂಕಿಗಳನ್ನು ಒಂದೂ ಬಿಡದಂತೆ ನಕಲು ತೆಗೆದು, ಎರಡು ಕಡೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ವ್ಯಾಖ್ಯಾನಕಾರರು ಬೇಕಾದಷ್ಟು ಸಿಗುತ್ತಾರೆ. ಓಲೆಯೇ ಕಳೆದುಹೋದರೆ ವಾಚಿಸುವುದಕ್ಕೆ ಏನೂ ಉಳಿಯುವುದಿಲ್ಲ.